ಕಾಣದ ಕಳ್ಳತನ: ಕಂಪ್ಯೂಟರ್ ಅಪರಾಧವನ್ನು ನಾವು ಹೇಗೆ ನೋಡುತ್ತೇವೆ?



ಪರದೆಯ ಮೇಲೆ ಮಾತು ಬೇಗ ಸರಿದುಹೋಗುತ್ತದೆ. ಕಂಪ್ಯೂಟರ್ ಅಪರಾಧದಂಥ ವಿಷಯ ಬಂದಾಗಲಂತೂ ಕಾಯಿದೆಯ ಹೆಸರು, ಕಲಮುಗಳ ಸಂಖ್ಯೆ ಇವೇ ಕಿವಿಯಲ್ಲಿ ಉಳಿದು ಮುಖ್ಯ ಪ್ರಶ್ನೆ ಹಿಂದೆ ಬೀಳುತ್ತದೆ. ಆದ್ದರಿಂದ ಈ ಪುಟಗಳಲ್ಲಿ ಬಿಡುವಾಗಿ, ನಮ್ಮ ಊರಿನ ಕಡೆಯಿಂದಲೇ ಆ ವಿಷಯವನ್ನು ನೋಡೋಣ.

ಹಿರೇಕೆರೂರಿನ ಸಂತೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಗೋವಿನಜೋಳ ಮಾರಿದ ದುಡ್ಡನ್ನು ಒಳಜೇಬಿನಲ್ಲಿಟ್ಟುಕೊಂಡು ಬಂದ ರೈತನ ಜೇಬಿಗೆ ಯಾರೋ ಕತ್ತರಿ ಹಾಕಿದರು. ಕೂಗು ಕೇಳಿದೊಡನೆ ನಾಲ್ಕು ಜನ ಓಡುತ್ತಾರೆ. ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ, "ಎಲ್ಲಿ ಹೋದ ಆ ಕಳ್ಳ?" ಇನ್ನು ಅದೇ ರೈತನ ಬ್ಯಾಂಕ್ ಖಾತೆಯಿಂದ ಅಷ್ಟೇ ದುಡ್ಡು ಒಂದು ಫೋನ್ ಕರೆಯ ನೆಪದಲ್ಲಿ ಹೋಯಿತೆನ್ನಿ. ಆಗ ಮನೆಯವರೂ ನೆರೆಯವರೂ ಕೇಳುವ ಮೊದಲ ಮಾತು ಬೇರೆ: "ಯಾಕಪಾ, ಒಟಿಪಿ ಯಾಕ ಹೇಳಿದಿ? ಅಷ್ಟೂ ತಿಳಿಯೂದಿಲ್ಲೇನು ನಿನಗ?"

ಮೊದಲನೆಯ ಸಂದರ್ಭದಲ್ಲಿ ಪ್ರಶ್ನೆ ಕಳ್ಳನ ಕಡೆಗೆ ತಿರುಗಿತು, ಎರಡನೆಯದರಲ್ಲಿ ಕಳೆದುಕೊಂಡವನ ಕಡೆಗೆ. ಕಳವಾದ ಮೊತ್ತ ಒಂದೇ, ರೈತನೂ ಅವನೇ. ಹಾಗಾದರೆ ಬದಲಾದದ್ದೇನು? ನಮ್ಮ ದೃಷ್ಟಿ. ಸಮಾಜದ ಈ ದೃಷ್ಟಿ ಮನೆಯ ಮಾತಿನಲ್ಲಿ ಮುಗಿದುಹೋಗುವುದಿಲ್ಲ. ಅದು ಪೊಲೀಸ್ ಠಾಣೆಯ ದೂರಿನ ಪುಸ್ತಕಕ್ಕೆ, ಬ್ಯಾಂಕಿನ ನಿಯಮಕ್ಕೆ, ಕೊನೆಗೆ ಸಂಸತ್ತು ಮಾಡುವ ಕಾಯಿದೆಗೂ ಇಳಿದುಬರುತ್ತದೆ. ಹೇಗೆ ಎಂಬುದೇ ಈ ಲೇಖನದ ವಿಷಯ.

ಕಂಪ್ಯೂಟರ್ ಅಪರಾಧ ಎಂದಾಗ ಎರಡು ಬಗೆಯ ಕೃತ್ಯಗಳನ್ನು ಬೇರ್ಪಡಿಸಿಕೊಳ್ಳಬೇಕು. ಒಂದರಲ್ಲಿ ಕಂಪ್ಯೂಟರೇ ಗುರಿ: ಅನುಮತಿಯಿಲ್ಲದೆ ಒಳನುಗ್ಗುವುದು, ದಾಖಲೆ ತಿದ್ದುವುದು, ವೈರಸ್ ಬಿಟ್ಟು ಯಂತ್ರವನ್ನು ನಿಲ್ಲಿಸುವುದು. ಇನ್ನೊಂದರಲ್ಲಿ ಕಂಪ್ಯೂಟರ್ ಬರಿಯ ಸಾಧನ. ಹಳೆಯ ವಂಚನೆ, ಬೆದರಿಕೆ, ಮಾನಹಾನಿಗಳೇ ಹೊಸ ದಾರಿಯಿಂದ ಬರುತ್ತವೆ. ಜನ ಹೆಚ್ಚಾಗಿ ಅನುಭವಿಸುವುದು ಎರಡನೆಯದನ್ನು. ಆದರೆ ಕಾಯಿದೆಗಳು ಹುಟ್ಟಿದ್ದು ಬಹುಮಟ್ಟಿಗೆ ಮೊದಲನೆಯದನ್ನು ಕಂಡು ಹೆದರಿದ್ದರಿಂದ.

ಮೊದಲನೆಯ ಬಗೆಯ ಅಪರಾಧ ನಮಗೆ ಸಂಬಂಧಿಸಿದ್ದಲ್ಲ, ಅದು ಬೆಂಗಳೂರು, ಅಮೆರಿಕಗಳ ವ್ಯವಹಾರ ಎಂದು ನಿಮಗನ್ನಿಸಬಹುದು. ನಿಮ್ಮ ಮನೆಯ ಟ್ರಂಕಿನಲ್ಲಿರುವ ಉತಾರವನ್ನು ಒಮ್ಮೆ ತೆಗೆದು ನೋಡಿ. ಇತರ ಕಡೆ ಪಹಣಿ ಎನ್ನುವ ಆ ಕಾಗದವನ್ನು ಒಂದು ಕಾಲದಲ್ಲಿ ಗ್ರಾಮಲೆಕ್ಕಿಗರು ಕೈಯಿಂದ ಬರೆದುಕೊಡುತ್ತಿದ್ದರು. ಕರ್ನಾಟಕ ಸರ್ಕಾರದ 'ಭೂಮಿ' ಯೋಜನೆ ಸುಮಾರು 67 ಲಕ್ಷ ರೈತರಿಗೆ ಸೇರಿದ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. 2002ರ ಹೊತ್ತಿಗೆ ರಾಜ್ಯದ ತಾಲ್ಲೂಕು ಕಚೇರಿಗಳಲ್ಲಿ ಕೈಬರಹದ ಪಹಣಿಯ ಕಾಲ ಮುಗಿದು, 15 ರೂಪಾಯಿ ಕೊಟ್ಟರೆ ಮುದ್ರಿತ ಪ್ರತಿ ಕೈಗೆ ಸಿಗುವಂತಾಯಿತು. ಬೆಳೆಸಾಲ, ಬೆಳೆವಿಮೆ, ಪರಿಹಾರ, ಅಣ್ಣತಮ್ಮಂದಿರ ಹಿಸ್ಸೆ ಎಲ್ಲವೂ ಆ ದಾಖಲೆಯ ಮೇಲೆ ನಿಂತಿವೆ. ಅದರಲ್ಲಿ ಎಕರೆ-ಗುಂಟೆಯ ಕಲಮಿನ ಒಂದು ಅಂಕಿ, ಅಥವಾ ಖಾತೆದಾರನ ಹೆಸರಿನ ಸಾಲು, ಯಾರದೋ ಬೆರಳಿನಿಂದ ಬದಲಾದರೆ? ಹಾಳೆಯ ಮೇಲಾದರೆ ಗೀರಿದ ಗುರುತು, ಬೇರೆ ಶಾಯಿಯ ಬಣ್ಣ ಕಾಣುತ್ತದೆ. ಕಂಪ್ಯೂಟರಿನಲ್ಲಿ ತಿದ್ದಿದ ಅಂಕಿಯೂ ಮೂಲ ಅಂಕಿಯೂ ಒಂದೇ ಅಂದವಾಗಿ ಅಚ್ಚಾಗುತ್ತವೆ.

ಈ ಭಯವನ್ನು 'ಭೂಮಿ'ಯನ್ನು ಕಟ್ಟಿದವರು ಮೊದಲೇ ಕಂಡಿದ್ದರು. ದಾಖಲೆ ಬದಲಿಸುವ ನೌಕರ ಬರಿಯ ಪಾಸ್‌ವರ್ಡ್ ಕೊಟ್ಟರೆ ಸಾಲದು, ಬೆರಳಚ್ಚು ಒತ್ತಿಯೇ ಒಳಗೆ ಹೋಗಬೇಕೆಂಬ ವ್ಯವಸ್ಥೆ ಮಾಡಿದರು. ಯಾರು, ಯಾವಾಗ, ಯಾವ ಬದಲಾವಣೆಗೆ ಒಪ್ಪಿಗೆ ಕೊಟ್ಟರು ಎಂಬುದು ಉಳಿಯಬೇಕೆಂಬುದು ಇದರ ಉದ್ದೇಶ. ಪಾಸ್‌ವರ್ಡನ್ನು ಪಕ್ಕದ ಮೇಜಿನವರಿಗೆ ಹೇಳಿ ಊಟಕ್ಕೆ ಹೋಗಬಹುದು, ಬೆರಳನ್ನು ಬಿಟ್ಟು ಹೋಗಲಾಗದು! ಇಲ್ಲಿ ಒಂದು ಸೂಕ್ಷ್ಮವಿದೆ. ಸಹೋದ್ಯೋಗಿಗೆ ಪಾಸ್‌ವರ್ಡ್ ಹೇಳುವುದನ್ನು ನಮ್ಮ ಕಚೇರಿಗಳಲ್ಲಿ ಯಾರೂ ತಪ್ಪೆಂದು ಎಣಿಸುವುದಿಲ್ಲ, ಅದು ಸಹಕಾರ ಎನಿಸಿಕೊಳ್ಳುತ್ತದೆ. ಅದು ನಾಳೆ ಬೆಳಗಾಗುವುದರೊಳಗೆ ಬದಲಾಗುವ ಅಭ್ಯಾಸವಲ್ಲವೆಂದು ತಿಳಿದೇ ಯಂತ್ರದ ವಿನ್ಯಾಸವನ್ನು ಬದಲಿಸಲಾಯಿತು. ಜನರ ಮನೋಭಾವವನ್ನು ಲೆಕ್ಕಕ್ಕೆ ಹಿಡಿದ ಇಂಥ ನೀತಿ ನಮ್ಮಲ್ಲಿ ಅಪರೂಪ.

ಕಂಪ್ಯೂಟರ್ ಅಪರಾಧಿಯ ಬಗೆಗೆ ಜಗತ್ತಿನಾದ್ಯಂತ ಮೊದಲು ಮೂಡಿದ್ದು ಸಿಟ್ಟಲ್ಲ, ಬೆರಗು. ಈ ವಿಷಯವನ್ನು 1970ರ ದಶಕದಲ್ಲೇ ಅಭ್ಯಸಿಸಿದ ಅಮೆರಿಕದ ಡಾನ್ ಪಾರ್ಕರ್, ಇಂಥ ಅಪರಾಧಿಗಳಲ್ಲಿ ಒಂದು ವಿಚಿತ್ರ ನ್ಯಾಯವನ್ನು ಗುರುತಿಸಿದರು: ಮನುಷ್ಯನಿಗೆ ಹಾನಿ ಮಾಡುವುದು ಪಾಪ, ಸಂಸ್ಥೆಗೆ ಹಾನಿ ಮಾಡುವುದು ಪಾಪವಲ್ಲ. ಇದನ್ನವರು ಇಂಗ್ಲೆಂಡಿನ ಜಾನಪದ ದರೋಡೆಕೋರ ರಾಬಿನ್ ಹುಡ್‌ನ ಹೆಸರಿನಿಂದ ಕರೆದರು. "ಬ್ಯಾಂಕಿನ ದುಡ್ಡು ತಾನೇ, ಯಾರಪ್ಪನ ಮನೆಯದು?" ಎಂಬ ಮಾತನ್ನು ನೀವೂ ಕೇಳಿರಬೇಕು.

ಬೆರಗಿನ ಈ ಕಾಲದಲ್ಲಿ ನ್ಯಾಯಾಲಯಗಳೂ ತಡವರಿಸಿದವು. ಬ್ರಿಟನ್ನಿನಲ್ಲಿ ಗೋಲ್ಡ್ ಮತ್ತು ಶಿಫ್ರೀನ್ ಎಂಬ ಇಬ್ಬರು 1980ರ ದಶಕದ ನಡುವಿನಲ್ಲಿ ಪ್ರೆಸ್ಟೆಲ್ ಎಂಬ ಮಾಹಿತಿ ಸೇವೆಯೊಳಗೆ ನುಗ್ಗಿ, ರಾಣಿಯ ಪತಿ ಫಿಲಿಪ್ ಅವರ ಅಂಚೆಪೆಟ್ಟಿಗೆಯನ್ನೂ ತೆರೆದರು. ಅವರ ಮೇಲೆ ಹೊರಿಸಲು ಸರಿಯಾದ ಕಾಯಿದೆಯೇ ಇರಲಿಲ್ಲ. ಖೋಟಾ ದಸ್ತಾವೇಜಿನ ಕಾಯಿದೆಯನ್ನು ಎಳೆದು ತಂದು 1986ರಲ್ಲಿ ಶಿಕ್ಷೆ ಕೊಟ್ಟರು. ಮೇಲಿನ ನ್ಯಾಯಾಲಯ ಅದನ್ನು ತಳ್ಳಿಹಾಕಿತು, 1988ರಲ್ಲಿ ಅತ್ಯುನ್ನತ ಪೀಠವೂ ಬಿಡುಗಡೆಯನ್ನೇ ಎತ್ತಿಹಿಡಿಯಿತು. ಆಗ ಸಂಸತ್ತು ಎಚ್ಚೆತ್ತು 1990ರಲ್ಲಿ ಕಂಪ್ಯೂಟರ್ ದುರ್ಬಳಕೆ ಕಾಯಿದೆಯನ್ನು ಮಾಡಿತು.

ಅಮೆರಿಕದಲ್ಲಿ 1988ರ ನವೆಂಬರ್ 2ರಂದು ರಾಬರ್ಟ್ ಮಾರಿಸ್ ಎಂಬ ಸ್ನಾತಕೋತ್ತರ ವಿದ್ಯಾರ್ಥಿ ಬಿಟ್ಟ ಪುಟ್ಟ ಕಾರ್ಯಕ್ರಮವೊಂದು ತನ್ನನ್ನು ತಾನೇ ನಕಲು ಮಾಡಿಕೊಳ್ಳುತ್ತ ಸಾವಿರಾರು ಯಂತ್ರಗಳನ್ನು ಸ್ತಬ್ಧಗೊಳಿಸಿತು. ಹಾನಿ ಮಾಡುವುದು ನನ್ನ ಉದ್ದೇಶವಾಗಿರಲಿಲ್ಲ ಎಂಬುದು ಅವನ ಪರವಾದ ವಾದ. ನ್ಯಾಯಾಲಯ ಒಪ್ಪಲಿಲ್ಲ, ಆದರೆ ಸೆರೆಮನೆಗೂ ಕಳುಹಿಸಲಿಲ್ಲ: ಮೂರು ವರ್ಷದ ನಿಗಾ, 400 ಗಂಟೆಗಳ ಸಮಾಜಸೇವೆ, ದಂಡ. ಮುಂದೆ ಆತ ಹೆಸರಾಂತ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕನಾದ. ಈ ಶಿಕ್ಷೆ ಹಗುರವಾಯಿತೆ, ತಕ್ಕದ್ದಾಯಿತೆ? ನಿಮ್ಮ ತರಗತಿಯಲ್ಲಿ ಕೈಯೆತ್ತಿಸಿ ನೋಡಿ, ಒಮ್ಮತ ಬರುವುದು ಕಷ್ಟ. ನನ್ನ ಮಟ್ಟಿಗೆ ಹೇಳುವುದಾದರೆ, ಉದ್ದೇಶವನ್ನೂ ಪರಿಣಾಮವನ್ನೂ ಬೇರೆಬೇರೆಯಾಗಿ ತೂಗಿದ ಆ ತೀರ್ಪು ವಿವೇಕದ್ದು.

ಭಾರತಕ್ಕೆ ಈ ಬೆರಗು ಬಂದದ್ದು 1998ರಲ್ಲಿ. ಪೋಖರಣ್ ಪರೀಕ್ಷೆಯ ಮರುತಿಂಗಳು, ಜೂನ್‌ನಲ್ಲಿ, ಬೇರೆಬೇರೆ ದೇಶಗಳ ಹದಿಹರೆಯದ ಹುಡುಗರ ಗುಂಪೊಂದು ಮುಂಬಯಿಯ ಭಾಭಾ ಅಣು ಸಂಶೋಧನಾ ಕೇಂದ್ರದ ಕಂಪ್ಯೂಟರುಗಳಿಗೆ ನುಗ್ಗಿತು. ಹೊರದೇಶದ ಪತ್ರಿಕೆಗಳು ಅವರನ್ನು ಅಣ್ವಸ್ತ್ರ ವಿರೋಧಿ ವೀರರಂತೆ ಚಿತ್ರಿಸಿದ್ದೂ ಉಂಟು. ಆಗ ನಮ್ಮಲ್ಲಿ ಕಂಪ್ಯೂಟರ್ ಅಪರಾಧಕ್ಕೆಂದೇ ಮಾಡಿದ ಕಾಯಿದೆ ಇರಲಿಲ್ಲ. 2000ದ ಮೇ 4ರಂದು 'ಐ ಲವ್ ಯೂ' ಎಂಬ ತಲೆಬರಹದ ಮಿಂಚಂಚೆಯ ರೂಪದಲ್ಲಿ ವೈರಸ್ಸೊಂದು ಜಗತ್ತನ್ನು ಸುತ್ತಿತು. ಅದರ ಜಾಡು ಹಿಡಿದ ಪೊಲೀಸರು ಫಿಲಿಪ್ಪೀನ್ಸಿನ ಒಬ್ಬ ವಿದ್ಯಾರ್ಥಿಯನ್ನು ತಲುಪಿದರು. ಪಾಸ್‌ವರ್ಡ್ ಕದಿಯುವ ಕಾರ್ಯಕ್ರಮವನ್ನು ಪದವಿಯ ಪ್ರಬಂಧವಾಗಿ ಮಾಡುತ್ತೇನೆಂದು ಅವನು ಕೇಳಿದಾಗ ಕಾಲೇಜು ನಿರಾಕರಿಸಿತ್ತು. ಆದರೂ ಅವನ ಮೇಲೆ ಮೊಕದ್ದಮೆ ನಿಲ್ಲಲಿಲ್ಲ, ಏಕೆಂದರೆ ಕೃತ್ಯ ನಡೆದ ದಿನ ಆ ದೇಶದಲ್ಲಿ ಅದನ್ನು ಅಪರಾಧವೆನ್ನುವ ಕಾಯಿದೆ ಇರಲಿಲ್ಲ. ಮರುತಿಂಗಳು ಕಾಯಿದೆ ಬಂತು. ಹಿಂದಿನ ಕೃತ್ಯಕ್ಕೆ ಅದು ಅನ್ವಯಿಸುವಂತಿರಲಿಲ್ಲ.

ನಮ್ಮ ಮಾಹಿತಿ ತಂತ್ರಜ್ಞಾನ ಕಾಯಿದೆಯೂ ಅದೇ ವರ್ಷದ್ದು. 2000ದ ಜೂನ್ 9ರಂದು ರಾಷ್ಟ್ರಪತಿಗಳ ಅಂಕಿತ ಬಿದ್ದು, ಅಕ್ಟೋಬರ್ 17ರಿಂದ ಜಾರಿಗೆ ಬಂತು. ಅದರ ಮುಖ್ಯ ಉದ್ದೇಶ ವಿದ್ಯುನ್ಮಾನ ವ್ಯಾಪಾರಕ್ಕೆ, ಡಿಜಿಟಲ್ ಸಹಿಗೆ ಮಾನ್ಯತೆ ಕೊಡುವುದು. ಅಪರಾಧದ ಕಲಮುಗಳು ಅದರ ಜೊತೆಗೆ ಬಂದವು. 66ನೆಯ ಕಲಮು ಹ್ಯಾಕಿಂಗ್‌ಗೆ ಮೂರು ವರ್ಷದವರೆಗಿನ ಸೆರೆವಾಸ ವಿಧಿಸಿತು. ಆ ಕಾಯಿದೆಯಲ್ಲೇ ಅಡಗಿದ್ದ ಒಂದು ಸಣ್ಣ ಮಾತು ಹಳ್ಳಿಗಾಡಿನವರಿಗೆ ದೊಡ್ಡದಾಗಿ ಪರಿಣಮಿಸಿತು. ತನಿಖೆ ಮಾಡುವ ಅಧಿಕಾರಿ ಡಿವೈಎಸ್‌ಪಿ ದರ್ಜೆಗಿಂತ ಕೆಳಗಿನವರಾಗಿರಕೂಡದು ಎಂಬುದು ಆ ಮಾತು. ಕಂಪ್ಯೂಟರ್ ಅಪರಾಧ ಬಹಳ ಕ್ಲಿಷ್ಟ, ಸಾಮಾನ್ಯ ಠಾಣೆಗೆ ಅದು ತಿಳಿಯದು ಎಂಬ ನಂಬಿಕೆ ಇದರ ಹಿಂದಿತ್ತು. ಕರ್ನಾಟಕ 2001ರಲ್ಲಿ ಬೆಂಗಳೂರಿನಲ್ಲಿ ಸೈಬರ್ ಅಪರಾಧ ಪೊಲೀಸ್ ಠಾಣೆಯನ್ನು ತೆರೆಯಿತು. ದೇಶದಲ್ಲೇ ಮೊದಲನೆಯದೆಂಬ ಹೆಮ್ಮೆ ಅದಕ್ಕೆ ಸಲ್ಲುತ್ತದೆ. ಅದರ ವ್ಯಾಪ್ತಿ ಇಡೀ ರಾಜ್ಯ. ಎಂದರೆ ಹಿರೇಕೆರೂರಿನವರು ಈ ಬಗೆಯ ವಿಶೇಷ ಠಾಣೆಯನ್ನು ನೋಡಬೇಕಾದರೆ 300 ಕಿಲೋಮೀಟರಿಗೂ ಹೆಚ್ಚು ದೂರ ಪ್ರಯಾಣ ಮಾಡಬೇಕಿತ್ತು!

2008ರಲ್ಲಿ ಅಂಗೀಕಾರವಾಗಿ 2009ರ ಅಕ್ಟೋಬರ್ 27ರಂದು ಜಾರಿಗೆ ಬಂದ ತಿದ್ದುಪಡಿ ತನಿಖಾಧಿಕಾರವನ್ನು ಇನ್‌ಸ್ಪೆಕ್ಟರ್ ದರ್ಜೆಗೆ ಇಳಿಸಿತು. ಗುರುತು ಕದಿಯುವುದು, ಬೇರೊಬ್ಬರಂತೆ ನಟಿಸಿ ವಂಚಿಸುವುದು, ಖಾಸಗಿ ಚಿತ್ರಗಳನ್ನು ಹರಡುವುದು ಇವುಗಳಿಗೆ ಪ್ರತ್ಯೇಕ ಕಲಮುಗಳನ್ನೂ ತಂದಿತು. ಆಮೇಲಿನ ವರ್ಷಗಳಲ್ಲಿ ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳಿಗಾಗಿ ಸಿಇಎನ್ ಠಾಣೆಗಳು ಜಿಲ್ಲಾ ಕೇಂದ್ರಗಳಿಗೆ ಬಂದವು. ಹಿರೇಕೆರೂರಿನವರಿಗೆ ಬೆಂಗಳೂರಿನ ದಾರಿ ಹಾವೇರಿಯ ದಾರಿಯಾಯಿತು. ಅಪರಾಧವನ್ನು ಪಂಡಿತರ ವಿಷಯವೆಂದು ಭಾವಿಸಿದಾಗ ನ್ಯಾಯ ದೂರವಾಗುತ್ತದೆ, ಸಾಮಾನ್ಯರ ವಿಷಯವೆಂದು ಒಪ್ಪಿದಾಗ ಹತ್ತಿರ ಬರುತ್ತದೆ. ಎಂಟೊಂಬತ್ತು ವರ್ಷಗಳ ಈ ಅಂತರದಲ್ಲಿ ಬದಲಾದದ್ದು ಯಂತ್ರಕ್ಕಿಂತ ಹೆಚ್ಚಾಗಿ ನಮ್ಮ ಗ್ರಹಿಕೆ.

ಭಯದಿಂದ ಮಾಡಿದ ಕಾಯಿದೆ ಹದ ತಪ್ಪುವುದೂ ಉಂಟು. ಅದೇ ತಿದ್ದುಪಡಿಯಲ್ಲಿ ಬಂದ 66ಎ ಕಲಮು 'ಅತೀವ ಆಕ್ಷೇಪಾರ್ಹ' ಸಂದೇಶ ಕಳುಹಿಸುವುದನ್ನೂ ಅಪರಾಧವೆಂದಿತು. ಆಕ್ಷೇಪಾರ್ಹ ಎಂದರೇನೆಂದು ಮಾತ್ರ ಹೇಳಲಿಲ್ಲ. 2012ರ ನವೆಂಬರ್‌ನಲ್ಲಿ ಮಹಾರಾಷ್ಟ್ರದ ಪಾಲ್‌ಘರ್‌ನಲ್ಲಿ, ಬಂದ್ ಒಂದನ್ನು ಪ್ರಶ್ನಿಸಿ ಫೇಸ್‌ಬುಕ್ಕಿನಲ್ಲಿ ಬರೆದ ಯುವತಿಯನ್ನೂ, ಅದನ್ನು ಮೆಚ್ಚಿದ ಗೆಳತಿಯನ್ನೂ ಬಂಧಿಸಿದರು. ಶ್ರೇಯಾ ಸಿಂಘಲ್ ಎಂಬ ಯುವತಿ ಸುಪ್ರೀಂ ಕೋರ್ಟಿಗೆ ಹೋದರು. 2015ರ ಮಾರ್ಚ್ 24ರಂದು ನ್ಯಾಯಾಲಯ ಆ ಕಲಮನ್ನು ಪೂರ್ತಿಯಾಗಿ ರದ್ದುಗೊಳಿಸಿತು. ಕಂಪ್ಯೂಟರ್ ಮೂಲಕ ಆಡಿದ ಮಾತು ಎಂಬ ಒಂದೇ ಕಾರಣಕ್ಕೆ ಮಾತು ಅಪರಾಧವಾಗಲಾರದು.

ಈಗ ವೃತ್ತಿಪರರ ಕಡೆ ಬರೋಣ. ಕಂಪ್ಯೂಟರ್ ಕಲಿತವರು ಈ ಅಪರಾಧವನ್ನು ನೋಡುವ ರೀತಿ ಬೇರೆ. ಬೀಗ ಸಡಿಲವಾಗಿದ್ದರೆ ಅಲುಗಾಡಿಸಿ ನೋಡುವುದು ಅವರಿಗೆ ವಿದ್ಯೆಯ ಒಂದು ಭಾಗ. 2017ರ ಬೆಂಗಳೂರಿನ ಪ್ರಕರಣವೊಂದನ್ನು ತೆಗೆದುಕೊಳ್ಳಿ. ಆಧಾರ್ ಪ್ರಾಧಿಕಾರದ ದೂರಿನ ಮೇಲೆ ಒಬ್ಬ ಯುವ ಎಂಜಿನಿಯರನನ್ನು ಆಗಸ್ಟ್‌ನಲ್ಲಿ ಬಂಧಿಸಲಾಯಿತು. ಸರ್ಕಾರಿ ಆಸ್ಪತ್ರೆಗಳ ನೋಂದಣಿಗೆಂದು ಮಾಡಿದ 'ಇ-ಹಾಸ್ಪಿಟಲ್' ವ್ಯವಸ್ಥೆಯ ದಾರಿಯನ್ನು ಬಳಸಿಕೊಂಡು, ತನ್ನ ಮೊಬೈಲ್ ಆ್ಯಪ್ ಆಧಾರ್ ವಿವರಗಳನ್ನು ಅನುಮತಿಯಿಲ್ಲದೆ ತರಿಸಿಕೊಳ್ಳುವಂತೆ ಮಾಡಿದ್ದ ಎಂಬುದು ಆರೋಪ. ಇಂಥ ಪ್ರಕರಣ ಬಂದಾಗ ಒಂದು ಪಕ್ಷ, "ಬೀಗವಿಲ್ಲದ ಬಾಗಿಲನ್ನು ಇಟ್ಟವರದಲ್ಲವೆ ತಪ್ಪು?" ಎನ್ನುತ್ತದೆ. ಇನ್ನೊಂದು ಪಕ್ಷ, "ಬಾಗಿಲು ತೆರೆದಿದ್ದ ಮಾತ್ರಕ್ಕೆ ಒಳಗೆ ಹೋಗಲು ನಿನಗೆ ಯಾರು ಹೇಳಿದರು?" ಎಂದು ಕೇಳುತ್ತದೆ. ಎರಡೂ ಪ್ರಶ್ನೆ ನ್ಯಾಯವಾದವೇ. ಅದೇ ತಿಂಗಳು, ಆಗಸ್ಟ್ 24ರಂದು, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಅರ್ಜಿಯಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕೆಂದು ಸಾರಿತು. ಬಾಗಿಲು ಭದ್ರವಾಗಿಡುವುದು ಮಾಹಿತಿ ಇಟ್ಟುಕೊಂಡವರ ಕರ್ತವ್ಯ ಎಂಬ ವಿಚಾರಕ್ಕೆ ಆಗ ಬಲ ಬಂತು. ಅದು ಪ್ರತ್ಯೇಕ ಕಾಯಿದೆಯಾಗಲು 2023ರವರೆಗೆ ಕಾಯಬೇಕಾಯಿತು.

ಇನ್ನೊಂದು ಪ್ರಕರಣ ನಮ್ಮ ಸರ್ಕಾರದ್ದೇ. 2019ರಲ್ಲಿ ಕರ್ನಾಟಕದ ಇ-ಪ್ರೊಕ್ಯೂರ್‌ಮೆಂಟ್ ಜಾಲತಾಣಕ್ಕೆ ನುಗ್ಗಿ, ಗುತ್ತಿಗೆದಾರರು ಟೆಂಡರಿಗಾಗಿ ಇಟ್ಟಿದ್ದ ಠೇವಣಿಯಿಂದ 11 ಕೋಟಿ ರೂಪಾಯಿಗೂ ಹೆಚ್ಚು ಹಣವನ್ನು ಬೇರೆ ಖಾತೆಗಳಿಗೆ ಸಾಗಿಸಲಾಯಿತು. 2020ರ ನವೆಂಬರ್‌ನಲ್ಲಿ ಮಾದಕವಸ್ತು ಪ್ರಕರಣವೊಂದರಲ್ಲಿ ಸಿಕ್ಕಿಬಿದ್ದ ಯುವಕನ ವಿಚಾರಣೆಯಿಂದ ಈ ಎಳೆ ಹೊರಬಂದು, ಮುಂದೆ 'ಬಿಟ್‌ಕಾಯಿನ್ ಹಗರಣ' ಎಂಬ ಹೆಸರಿನಲ್ಲಿ ರಾಜಕೀಯ ಬಿರುಗಾಳಿಯೇ ಎದ್ದಿತು. ಆಗಿನ ಸುದ್ದಿಯ ಧಾಟಿಯನ್ನು ನೆನಪಿಸಿಕೊಳ್ಳಿ. ಆರೋಪಿಯ ಜಾಣತನ, ಚಿಕ್ಕ ವಯಸ್ಸು, ಐಷಾರಾಮಿ ಹೋಟೆಲಿನ ವಾಸ ಇವುಗಳ ಬಗ್ಗೆ ಪುಟಗಟ್ಟಲೆ ಬಂತು. ಠೇವಣಿ ಇಟ್ಟಿದ್ದವರ ಮಾತು ಎಷ್ಟು ಬಂತು? ಮನೆಗೆ ಕನ್ನ ಹಾಕಿದವನ ಕೈಚಳಕವನ್ನು ನಾವು ಹೀಗೆ ಕೊಂಡಾಡುವುದಿಲ್ಲ. ಕೀಲಿಮಣೆಯ ಮುಂದೆ ಕುಳಿತವನಿಗೆ ಮಾತ್ರ ಈ ರಿಯಾಯಿತಿ.

ವೃತ್ತಿಲೋಕದ ಇನ್ನೊಂದು ಗುಣ ಮೌನ. ತನ್ನ ವ್ಯವಸ್ಥೆಗೆ ಕನ್ನ ಬಿದ್ದಿದೆಯೆಂದು ಯಾವ ಕಂಪನಿಯೂ ಸಂತೋಷದಿಂದ ಹೇಳಿಕೊಳ್ಳುವುದಿಲ್ಲ. ಗ್ರಾಹಕರು ಬಿಟ್ಟುಹೋದಾರು, ಷೇರಿನ ಬೆಲೆ ಇಳಿದೀತು ಎಂಬ ಅಂಜಿಕೆ. ಆದರೆ ಒಂದು ಬ್ಯಾಂಕಿಗೆ ಬಿದ್ದ ಕನ್ನದ ವಿವರ ಬೇಗ ತಿಳಿದರೆ ಇನ್ನೊಂದು ಬ್ಯಾಂಕು ಬಾಗಿಲು ಭದ್ರಪಡಿಸಿಕೊಳ್ಳಬಹುದು. ಊರಲ್ಲಿ ಒಬ್ಬರ ದನಕ್ಕೆ ಕಾಲುಬಾಯಿ ಬೇನೆ ಬಂದದ್ದನ್ನು ಮುಚ್ಚಿಟ್ಟರೆ ಏನಾಗುತ್ತದೆಂದು ನಿಮ್ಮ ತಂದೆಯವರನ್ನು ಕೇಳಿ. ಈ ಮೌನವನ್ನು ಮುರಿಯಲೆಂದೇ, 2004ರಿಂದ ಕೆಲಸ ಮಾಡುತ್ತಿರುವ ಸಿಇಆರ್‌ಟಿ-ಇನ್ ಎಂಬ ಕೇಂದ್ರ ಸಂಸ್ಥೆ 2022ರ ಏಪ್ರಿಲ್ 28ರಂದು ಆದೇಶ ಹೊರಡಿಸಿ, ಗಂಭೀರ ಘಟನೆಗಳನ್ನು ಗಮನಕ್ಕೆ ಬಂದ ಆರು ಗಂಟೆಗಳೊಳಗೆ ತಿಳಿಸಬೇಕೆಂದಿತು. ಆರು ಗಂಟೆ ತೀರ ಕಡಿಮೆಯೆಂದು ಉದ್ಯಮದವರು ತಕರಾರು ಎತ್ತಿದರು. ತಾವಾಗಿ ಹೇಳುವ ರೂಢಿ ಇದ್ದಿದ್ದರೆ ಬಲವಂತದ ಮಾತೇ ಬರುತ್ತಿರಲಿಲ್ಲ.

ಮೌನ ಕಂಪನಿಗಳದಷ್ಟೇ ಅಲ್ಲ, ಮನೆಗಳದೂ ಹೌದು. ರಾಷ್ಟ್ರೀಯ ಅಪರಾಧ ದಾಖಲೆ ಸಂಸ್ಥೆಯ ಅಂಕಿಗಳ ಪ್ರಕಾರ 2023ರಲ್ಲಿ ದೇಶದಲ್ಲಿ ದಾಖಲಾದ ಸೈಬರ್ ಪ್ರಕರಣಗಳು 86,420. ಅವುಗಳಲ್ಲಿ 21,889, ಎಂದರೆ ಸುಮಾರು ಕಾಲುಭಾಗ, ಕರ್ನಾಟಕದವು. ಹಾಗಾದರೆ ಸೈಬರ್ ಕಳ್ಳತನದಲ್ಲಿ ನಾವೇ ಮುಂದೋ? ಅವಸರಪಡಬೇಡಿ. ಈ ಅಂಕಿ ತೋರಿಸುವುದು ದಾಖಲಾದ ದೂರುಗಳನ್ನು, ನಡೆದ ಅಪರಾಧಗಳನ್ನಲ್ಲ. ಠಾಣೆಗಳು ಹೆಚ್ಚಿದಲ್ಲಿ, ದೂರನ್ನು ಸುಲಭವಾಗಿ ತೆಗೆದುಕೊಳ್ಳುವಲ್ಲಿ ಅಂಕಿ ಏರುತ್ತದೆ. ನಾಚಿಕೆಯಿಂದ ಬಾಯಿ ಮುಚ್ಚಿಕೊಂಡಲ್ಲಿ ಇಳಿಯುತ್ತದೆ. ಕಡಿಮೆ ಅಂಕಿಯ ಊರು ಸುರಕ್ಷಿತ ಊರೆಂದೇ ಆಗಬೇಕಿಲ್ಲ.

ಈ ನಾಚಿಕೆಯ ಬೆಲೆ ಏನೆಂಬುದನ್ನು 'ಡಿಜಿಟಲ್ ಅರೆಸ್ಟ್' ಎಂಬ ವಂಚನೆ ತೋರಿಸಿಕೊಟ್ಟಿದೆ. ಪೊಲೀಸ್ ಸಮವಸ್ತ್ರ ತೊಟ್ಟವನೊಬ್ಬ ವೀಡಿಯೊ ಕರೆಯಲ್ಲಿ ಕಾಣಿಸಿಕೊಂಡು, ನಿಮ್ಮ ಹೆಸರಿನಲ್ಲಿ ಅಪರಾಧ ದಾಖಲಾಗಿದೆ, ಯಾರಿಗೂ ಹೇಳಬೇಡಿ, ಕ್ಯಾಮೆರಾದ ಮುಂದಿನಿಂದ ಏಳಬೇಡಿ ಎಂದು ಬೆದರಿಸುತ್ತಾನೆ. ನಮ್ಮ ಯಾವ ಕಾಯಿದೆಯಲ್ಲೂ ಇಂಥ ಬಂಧನವಿಲ್ಲ. 2024ರ ಅಕ್ಟೋಬರ್‌ನಲ್ಲಿ ಪ್ರಧಾನಿಯವರ 'ಮನ್ ಕೀ ಬಾತ್'ನಲ್ಲಿ ಇಂಥ ಕರೆಯ ಧ್ವನಿಯನ್ನೇ ಕೇಳಿಸಲಾಯಿತು. ಅದನ್ನು ಧೈರ್ಯದಿಂದ ದಾಖಲಿಸಿಕೊಂಡು ವಂಚಕನ ಬೆವರಿಳಿಸಿದವನು ವಿಜಯಪುರದ ಯುವಕ. ಆದರೆ ಎಲ್ಲರಿಗೂ ಆ ಧೈರ್ಯ ಇರುವುದಿಲ್ಲ. 2025ರ ಮಾರ್ಚ್‌ನಲ್ಲಿ ಬೆಳಗಾವಿ ಜಿಲ್ಲೆಯ ಹಿರಿಯ ದಂಪತಿ ಇಂಥ ಬಲೆಗೆ ಬಿದ್ದು, ಹಣದ ಜೊತೆಗೆ ಜೀವವನ್ನೂ ಕಳೆದುಕೊಂಡರು. ಮನೆಯಲ್ಲಿ ಹಿರಿಯರಿದ್ದರೆ, "ಹೀಗೇನಾದರೂ ಆದರೆ ನಾನು ಬಯ್ಯುವುದಿಲ್ಲ, ಮೊದಲು ನನಗೆ ಹೇಳಿ" ಎಂದು ಇವತ್ತೇ ಹೇಳಿಡಿ. ವಂಚಕನ ದೊಡ್ಡ ಆಯುಧ ಗುಟ್ಟು. ಆ ಗುಟ್ಟನ್ನು ಕಾಯುವುದು ಬೈಗುಳದ ಭಯ.

ತಡ ಮಾಡದಿರಲು ತಾಂತ್ರಿಕ ಕಾರಣವೂ ಇದೆ. ಕದ್ದ ಹಣ ನೇರವಾಗಿ ವಂಚಕನ ಕೈಗೆ ಹೋಗುವುದಿಲ್ಲ. ಮೊದಲು ಒಂದು ಖಾತೆಗೆ, ಅಲ್ಲಿಂದ ಹತ್ತು ಖಾತೆಗಳಿಗೆ, ಅಲ್ಲಿಂದ ಇನ್ನಷ್ಟು ಖಾತೆಗಳಿಗೆ ಕಾಲುವೆಯ ನೀರಿನಂತೆ ಕವಲೊಡೆದು, ಕೊನೆಗೆ ಎಟಿಎಮ್ಮಿನಿಂದ ನಗದಾಗಿಯೋ ಕ್ರಿಪ್ಟೊ ನಾಣ್ಯವಾಗಿಯೋ ಹೊರಬೀಳುತ್ತದೆ. 1930ಕ್ಕೆ ಕರೆ ಮಾಡಿ ಬ್ಯಾಂಕಿನ ಹೆಸರು, ವ್ಯವಹಾರದ ಸಂಖ್ಯೆ, ಹಣ ಹೋದ ಸಮಯ ಹೇಳಿದರೆ, ಆ ವಿವರ ಒಂದು ಬ್ಯಾಂಕಿನಿಂದ ಮುಂದಿನ ಬ್ಯಾಂಕಿಗೆ ಹಣದ ಜಾಡಿನಲ್ಲೇ ಸಾಗುತ್ತದೆ. ಎಲ್ಲಿ ಹಣ ಇನ್ನೂ ನಿಂತಿದೆಯೋ ಅಲ್ಲಿ ಅದನ್ನು ತಡೆಹಿಡಿಯುತ್ತಾರೆ. ನೀರು ಹೊಲ ಸೇರುವ ಮೊದಲು ತೂಬು ಮುಚ್ಚಿದ ಹಾಗೆ. ಮೊದಲ ಒಂದೆರಡು ಗಂಟೆಯಲ್ಲಿ ಮಾಡಿದ ಕರೆಗೂ, ಎರಡು ದಿನ ಅಳುಕಿ ಮಾಡಿದ ಕರೆಗೂ ಇರುವ ವ್ಯತ್ಯಾಸ ಇದು.

ಹೋದ ಹಣದ ನಷ್ಟ ಯಾರು ಹೊರಬೇಕು? ರಿಸರ್ವ್ ಬ್ಯಾಂಕು 2017ರ ಜುಲೈ 6ರ ಸುತ್ತೋಲೆಯಲ್ಲಿ ಒಂದು ಗೆರೆ ಎಳೆಯಿತು. ತಪ್ಪು ಬ್ಯಾಂಕಿನದೂ ಅಲ್ಲ, ಗ್ರಾಹಕನದೂ ಅಲ್ಲ, ವ್ಯವಸ್ಥೆಯ ನಡುವೆ ಎಲ್ಲೋ ಆಗಿದೆ ಎಂದಾದರೆ, ಮೂರು ಕೆಲಸದ ದಿನಗಳೊಳಗೆ ತಿಳಿಸಿದ ಗ್ರಾಹಕನ ಮೇಲೆ ಹೊಣೆಯಿಲ್ಲ. ಆದರೆ ಗುಟ್ಟಿನ ಸಂಖ್ಯೆಯನ್ನು ತಾನೇ ಹೇಳಿಕೊಟ್ಟಿದ್ದರೆ ಅದು ಗ್ರಾಹಕನ ಅಜಾಗರೂಕತೆ. ಬ್ಯಾಂಕಿಗೆ ತಿಳಿಸುವವರೆಗಿನ ಪೂರ್ತಿ ನಷ್ಟ ಅವನದೇ. ಗಮನಿಸಿದಿರಾ? "ಒಟಿಪಿ ಯಾಕ ಹೇಳಿದಿ?" ಎಂಬ ಮಾತು ಇಲ್ಲಿ ನಿಯಮದ ಭಾಷೆಯಲ್ಲಿ ನಿಂತಿದೆ. ಬ್ಯಾಂಕುಗಳ ವಾದದಲ್ಲಿ ಹುರುಳಿಲ್ಲವೆಂದಲ್ಲ. ಗ್ರಾಹಕ ಹೇಗೆ ನಡೆದುಕೊಂಡರೂ ಹಣ ವಾಪಸು ಎಂದರೆ ಎಚ್ಚರವೇ ಉಳಿಯದು. ಆದರೆ ಇಂಗ್ಲಿಷಿನಲ್ಲಿ ಬಂದ ಸಂದೇಶವನ್ನು ಓದಲಾರದ, ಬ್ಯಾಂಕಿನವರೆಂದೇ ನಂಬಿದ ಅರವತ್ತೈದರ ಅಜ್ಜಿಯ ತಪ್ಪನ್ನೂ, ಎಲ್ಲ ಬಲ್ಲ ಪದವೀಧರನ ತಪ್ಪನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನನಗೆ ಸರಿಕಾಣುವುದಿಲ್ಲ.

ಅಪರಾಧಿಯ ಚಿತ್ರವೂ ನಾವು ಅಂದುಕೊಂಡಷ್ಟು ಸರಳವಾಗಿಲ್ಲ. ಆಗ್ನೇಯ ಏಷ್ಯಾದ ಕಾಂಬೋಡಿಯಾ, ಮ್ಯಾನ್ಮಾರ್‌ಗಳಲ್ಲಿ ಡೇಟಾ ಎಂಟ್ರಿ ಕೆಲಸವೆಂದು ನಂಬಿಸಿ ಕರೆದೊಯ್ದ ಯುವಕರ ಪಾಸ್‌ಪೋರ್ಟ್ ಕಿತ್ತುಕೊಂಡು, ಕೂಡಿಹಾಕಿ, ತಮ್ಮ ದೇಶದವರನ್ನೇ ವಂಚಿಸುವ ಕರೆಗಳನ್ನು ಮಾಡಿಸುವ ಕೇಂದ್ರಗಳಿವೆ. 2024 ಮತ್ತು 2025ರಲ್ಲಿ ಭಾರತ ಸರ್ಕಾರ ಅಂಥ ನೂರಾರು ಜನರನ್ನು ಮರಳಿ ಕರೆತಂದಿತು.

ಇನ್ನು, ನಿಮಗೇ ನೇರವಾಗಿ ತಗುಲುವ ಮಾತು. ಹಣ ಕವಲೊಡೆಯಲು ನೂರಾರು ಖಾತೆಗಳು ಬೇಕೆಂದೆವಷ್ಟೆ, ಅವು ಎಲ್ಲಿಂದ ಬರುತ್ತವೆ? ಬಹಳಷ್ಟು ಬಾಡಿಗೆಯವು. ಮ್ಯೂಲ್ ಖಾತೆ ಎನ್ನುತ್ತಾರೆ, ಪರರ ಹೊರೆ ಹೊರುವ ಹೇಸರಗತ್ತೆಯ ಹೆಸರು. "ನಿನ್ನ ಖಾತೆಗೆ ಸ್ವಲ್ಪ ದುಡ್ಡು ಬರುತ್ತದೆ, ತೆಗೆದುಕೊಡು, ನಿನಗೂ ಕಮಿಷನ್ ಇದೆ" ಎಂದು ಕೇಳುವವನು ಅಪರಿಚಿತನೇ ಆಗಿರಬೇಕಿಲ್ಲ, ಹಾಸ್ಟೆಲಿನ ಹಿರಿಯ ವಿದ್ಯಾರ್ಥಿಯೂ ಇರಬಹುದು. ವಿದ್ಯಾರ್ಥಿವೇತನಕ್ಕೆಂದು ತೆರೆದ ಖಾತೆ, ಅದರ ಎಟಿಎಂ ಕಾರ್ಡು, ಜೋಡಿಸಿದ ಸಿಮ್ಮು, ಮೂರನ್ನೂ ಕೊಟ್ಟುಬಿಡುವವರಿದ್ದಾರೆ. ನಾನೇನು ಕದ್ದೆನೆ, ಖಾತೆ ಕೊಟ್ಟೆ ಅಷ್ಟೆ ಎಂಬ ಸಮಾಧಾನ. ಆದರೆ ಪೊಲೀಸರು ಹಣದ ಜಾಡು ಹಿಡಿದು ಬಂದಾಗ ಮೊದಲು ಸಿಗುವ ನಿಜವಾದ ಹೆಸರು, ನಿಜವಾದ ವಿಳಾಸ ನಿಮ್ಮದು. ಖಾತೆ ಸ್ತಂಭನವಾಗುತ್ತದೆ, ಬೇರೆ ರಾಜ್ಯದ ಠಾಣೆಯಿಂದ ನೋಟಿಸು ಬರುತ್ತದೆ, ವಂಚನೆಯಲ್ಲಿ ಭಾಗಿಯೆಂಬ ಆರೋಪ ಹೊತ್ತು ವರ್ಷಗಟ್ಟಲೆ ಅಲೆಯಬೇಕಾಗುತ್ತದೆ. ಸರ್ಕಾರಿ ನೌಕರಿಯ ಅರ್ಜಿಯಲ್ಲಿ ಮೊಕದ್ದಮೆ ಇದೆಯೇ ಎಂಬ ಸಾಲು ಇರುತ್ತದೆಂಬುದನ್ನು ಮರೆಯಬೇಡಿ. ರಿಸರ್ವ್ ಬ್ಯಾಂಕಿನ ಅಂಗಸಂಸ್ಥೆಯಾಗಿ ಬೆಂಗಳೂರಿನಲ್ಲಿರುವ ಇನ್ನೋವೇಶನ್ ಹಬ್ ಇಂಥ ಖಾತೆಗಳ ಚಲನವಲನವನ್ನು ಗುರುತಿಸಲು 'ಮ್ಯೂಲ್ ಹಂಟರ್' ಎಂಬ ಸಾಧನವನ್ನು ರೂಪಿಸಿದೆ. ಯಾವಾಗಲೂ ಐನೂರು, ಸಾವಿರ ಓಡಾಡುವ ಖಾತೆಗೆ ಒಂದೇ ದಿನ ಲಕ್ಷಗಳು ಬಂದು ಗಂಟೆಯೊಳಗೆ ಖಾಲಿಯಾದರೆ ಅದು ಯಂತ್ರದ ಕಣ್ಣಿಗೆ ಬೀಳುತ್ತದೆ.

ಕಂಪ್ಯೂಟರ್ ವಿಜ್ಞಾನ ಓದುತ್ತಿರುವವರಿಗೆ ಇನ್ನೊಂದು ಪ್ರಶ್ನೆ ಕಾದಿದೆ. ನಿಮ್ಮ ಕಾಲೇಜಿನ ಫಲಿತಾಂಶದ ಜಾಲತಾಣದಲ್ಲಿ, ವಿಳಾಸದ ಕೊನೆಯ ಅಂಕಿ ಬದಲಿಸಿದರೆ ಇನ್ನೊಬ್ಬರ ಅಂಕಪಟ್ಟಿ ತೆರೆದುಕೊಳ್ಳುತ್ತದೆಂದು ನೀವು ಕಂಡಿರೆನ್ನಿ. ಹೇಳಿದರೆ ಬೈಗುಳ, ಸುಮ್ಮನಿದ್ದರೆ ಎಲ್ಲರ ಮಾಹಿತಿ ಬಯಲು. ಮಾಹಿತಿ ತಂತ್ರಜ್ಞಾನ ಕಾಯಿದೆಯ 43ನೆಯ ಕಲಮು ಅನುಮತಿಯಿಲ್ಲದ ಪ್ರವೇಶಕ್ಕೆ ಪರಿಹಾರ ಕಟ್ಟಿಕೊಡಬೇಕೆನ್ನುತ್ತದೆ. ಅದೇ ಕೃತ್ಯ ಅಪ್ರಾಮಾಣಿಕತೆಯಿಂದ ಅಥವಾ ಮೋಸದ ಉದ್ದೇಶದಿಂದ ನಡೆದರೆ 66ನೆಯ ಕಲಮಿನ ಅಪರಾಧ. ಒಳ್ಳೆಯ ಉದ್ದೇಶದಿಂದ ಹುಳುಕು ತೋರಿಸಿದವನಿಗೆ ರಕ್ಷಣೆ ಕೊಡುವ ಸ್ಪಷ್ಟವಾದ ಮಾತು ಈ ಕಲಮುಗಳಲ್ಲಿಲ್ಲ. ಸಿಇಆರ್‌ಟಿ-ಇನ್ ಸಂಸ್ಥೆ ಇಂಥ ಹುಳುಕುಗಳ ವರದಿಯನ್ನು ತೆಗೆದುಕೊಂಡು ಸಂಬಂಧಪಟ್ಟವರಿಗೆ ತಲುಪಿಸುವ ಕ್ರಮವನ್ನು ಇಟ್ಟುಕೊಂಡಿದೆ. ಕಂಡ ದೋಷವನ್ನು ಮುಂದಕ್ಕೆ ಕೆದಕದೆ, ಯಾರ ಮಾಹಿತಿಯನ್ನೂ ಉಳಿಸಿಕೊಳ್ಳದೆ, ಗೆಳೆಯರ ಗುಂಪಿಗೆ ಹಾಕದೆ, ಅಲ್ಲಿಗೆ ಬರೆದು ತಿಳಿಸುವುದು ಇರುವುದರಲ್ಲಿ ಸುರಕ್ಷಿತವಾದ ದಾರಿ. ಪ್ರಾಮಾಣಿಕ ಪರೀಕ್ಷಕನಿಗೆ ಕಾಯಿದೆಯಲ್ಲೇ ಜಾಗ ಕೊಡಬೇಕೆ, ಕೊಟ್ಟರೆ ಕಳ್ಳನೂ ಅದೇ ಬಾಗಿಲಿನಿಂದ ನುಸುಳುವುದಿಲ್ಲವೆ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ನಿಮ್ಮ ಕಾಲೇಜಿನ ಚರ್ಚಾಕೂಟದಲ್ಲಿ ಈ ಪ್ರಶ್ನೆಯನ್ನು ಎತ್ತಿಕೊಳ್ಳಬಹುದು. ಪರ ಮಾತನಾಡಲು ಕಂಪ್ಯೂಟರ್ ವಿಭಾಗದವರನ್ನೂ, ವಿರೋಧಕ್ಕೆ ವಾಣಿಜ್ಯ ವಿಭಾಗದವರನ್ನೂ ನಿಲ್ಲಿಸಿ, ಅರ್ಧ ಗಂಟೆಯಾದ ಮೇಲೆ ಪಕ್ಷ ಬದಲಿಸಿ ನೋಡಿ.